ತೊಂಬತ್ತು ಸಿಗದ ನೋಟ್ಸು

ಸುರಪುರದ ಪದವಿಪೂರ್ವ ಕಾಲೇಜಿಗೆ ನಾನು ಗಣಿತ ಕಲಿಸಲು ಸೇರಿದವಳು. ಹದಿನೇಳು ವರ್ಷ ಅದನ್ನೇ ಕಲಿಸಿದೆ. ಆಮೇಲೆ ಒಂದು ಜೂನ್ ತಿಂಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಪ್ರಾಚಾರ್ಯರು ನನ್ನನ್ನು ಕರೆದು ಕೂರಿಸಿ ಚಹಾ ತರಿಸಿದರು. ಚಹಾ ಬಂದಾಗಲೇ ಏನೋ ಹೊರಿಸುತ್ತಾರೆ ಎಂದು ನನಗೆ ಗೊತ್ತಾಯಿತು.

"ಮೇಡಂ, ಗಣಿತ ಬಂದೋರಿಗೆ ಕಂಪ್ಯೂಟರ್ ಏನ್ ದೊಡ್ಡದಲ್ರಿ. ಹೊಸಬರು ಬರೋತನ ನೀವ ಸಂಭಾಳಿಸ್ರಿ."

"ಸರ್, ನಂಗ ಟೈಪ್ ಮಾಡಾಕ ಬರ್ತದ, ಅಷ್ಟ."

"ಸಾಕಲ್ರಿ ಮತ್ತ," ಎಂದು ಅವರು ನನ್ನ ಕಡೆಗೆ ಬಿಸ್ಕತ್ತಿನ ತಟ್ಟೆ ಸರಿಸಿದರು.

ಪ್ರಯೋಗಾಲಯದ ಕಪಾಟಿನಲ್ಲಿ ನಾಲ್ಕು ದಪ್ಪ ಇಂಗ್ಲಿಷ್ ಪುಸ್ತಕಗಳಿದ್ದವು. ಎರಡು ಪಠ್ಯದಿಂದ ಎಂದೋ ಹೋಗಿದ್ದ ಪ್ರೋಗ್ರಾಮಿಂಗ್ ಭಾಷೆಯವು. ಮೂರನೆಯದರಲ್ಲಿ ಮೊದಲ ಎಪ್ಪತ್ತು ಪುಟಗಳು ಕಂಪ್ಯೂಟರಿನ ಚರಿತ್ರೆಗೇ ಮುಗಿದಿದ್ದವು. ನಾಲ್ಕನೆಯದನ್ನು ಮನೆಗೆ ಒಯ್ದು ಮುಂಜಾನೆ ರೊಟ್ಟಿಯ ಕೆಲಸಕ್ಕಿಂತ ಮೊದಲು ಓದತೊಡಗಿದೆ. ಇಂಗ್ಲಿಷ್ ನನಗೆ ಅಡ್ಡಿಯಾಗಲಿಲ್ಲ. ಆದರೆ ಅದನ್ನು ಬರೆದವರು, ಓದುವವನಿಗೆ ಅರ್ಧ ವಿಷಯ ಮೊದಲೇ ಗೊತ್ತಿದೆ ಎಂದು ನಂಬಿ ಬರೆದಿದ್ದರು. ಪ್ರತಿ ಅಧ್ಯಾಯವನ್ನೂ ಎರಡು ಸಲ ಓದಿ, ಉದಾಹರಣೆಗಳನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನೋಡಿ, ಮಕ್ಕಳಿಗಿಂತ ಒಂದೇ ವಾರ ಮುಂದಿದ್ದುಕೊಂಡು ಪಾಠ ಮಾಡುತ್ತಿದ್ದೆ.

ಆಗಸ್ಟಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ವೇರಿಯಬಲ್ ಅಂದ್ರ ಏನ್ರಿ?"

ನಾನು ಪುಸ್ತಕದ ವ್ಯಾಖ್ಯೆ ಹೇಳಿದೆ.

"ಅದು ಬರಕೊಂಡೀನ್ರಿ. ಬಾಯಿಪಾಠನೂ ಆಗ್ಯದ. ಖರೇನ ಏನು ಅಂತ ಕೇಳಾಕತ್ತೀನ್ರಿ."

ಇಡೀ ತರಗತಿ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಆ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ನೆನಪಿರುತ್ತಿತ್ತು, ಅದರ ಒಳಗಿರುವುದು ಸಿಗುತ್ತಿರಲಿಲ್ಲ. ನನಗೂ ಅಷ್ಟು ಚೆನ್ನಾಗಿ ಸಿಕ್ಕಿರಲಿಲ್ಲ ಎಂಬುದು ಅವಳ ಪ್ರಶ್ನೆಯಿಂದ ತಿಳಿಯಿತು. ಅಂದು ಸಂಜೆಯೇ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ಕನ್ನಡದಲ್ಲಿ ಬರೆಯಲು ಕುಳಿತೆ.

ಬರೆದದ್ದನ್ನು ಮೊದಲು ಕೇಳಿದವರು ನನ್ನ ಅತ್ತೆ. ಸಗರದ ಒಕ್ಕಲುತನದ ಮನೆಯಲ್ಲಿ ಬೆಳೆದವರು. ಓದು ಬರಹ ಬಾರದು, ಆದರೆ ಒಂದು ಮಾತು ಹೊಂದದಿದ್ದರೆ ಬಿಡುವವರಲ್ಲ. ಅವರು ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಾಗ ನಾನು ಓದಿದೆ: ವೇರಿಯಬಲ್ ಎಂದರೆ ಹೆಸರು ಬರೆದ ಒಂದು ಡಬ್ಬಿ, ಅದರಲ್ಲಿ ಬೇಕಾದದ್ದನ್ನು ಹಾಕಿಡಬಹುದು.

"ಮದ್ಲ ಏನ್ ಹಾಕಿದಿ?" ಅತ್ತೆ ಕೇಳಿದರು.

"ಐದು ಅನ್ಕೋರಿ."

"ಆಮ್ಯಾಗ?"

"ಆಮ್ಯಾಗ ಒಂಬತ್ತು ಹಾಕಿದ್ರ ಐದು ಹೋಗ್ತದ, ಒಂಬತ್ತು ಉಳಿತದ."

ಅತ್ತೆಯ ಕೈ ನಿಂತಿತು. "ಅಲ್ಲ ಯವ್ವಾ, ಜ್ವಾಳ ಇದ್ದ ಡಬ್ಬ್ಯಾಗ ಅಕ್ಕಿ ಹಾಕಿದ್ರ ಜ್ವಾಳ ಎಲ್ಲಿ ಹೋಗ್ತಾವ? ಎರಡೂ ಬೆರೀತಾವ. ಇದೆಂಥಾ ಡಬ್ಬಿ?"

ಡಬ್ಬಿಯ ಹೋಲಿಕೆಯನ್ನು ನಾನು ಆ ದಪ್ಪ ಪುಸ್ತಕದಿಂದಲೇ ತೆಗೆದುಕೊಂಡಿದ್ದೆ, ಯೋಚಿಸಿರಲಿಲ್ಲ. "ಡಬ್ಬಿ ಬ್ಯಾಡ, ಪಾಟಿ ಅಂದ್ರ?" ಎಂದು ಕೇಳಿದೆ. "ಪಾಟಿ ಮ್ಯಾಲ ಐದು ಬರದೀವಿ. ಒರಸಿ ಒಂಬತ್ತು ಬರದ್ರ?"

"ಹಾಂ, ಐದು ಹೋತು. ಅದು ಖರೆ," ಎಂದು ಅವರು ಮತ್ತೆ ಬೇಳೆಗೆ ಕೈ ಹಾಕಿದರು. ಡಬ್ಬಿಯ ಪುಟ ಹರಿದುಹಾಕಿ ಪಾಟಿಯ ಪುಟ ಬರೆದೆ. ಅಲ್ಲಿಂದ ಮುಂದೆ ಅತ್ತೆಗೆ ಓದಿ ಹೇಳದೆ ಯಾವ ಪುಟವನ್ನೂ ತರಗತಿಗೆ ಒಯ್ಯಲಿಲ್ಲ. ಅವರಿಗೆ ಎಲ್ಲವೂ ತಿಳಿಯುತ್ತಿತ್ತು ಎಂದಲ್ಲ. ಕೆಲವಕ್ಕೆ "ಅದು ನಿಮ್ಮ ಸಾಲಿ ಮಾತು, ನಂಗ್ಯಾಕ" ಎನ್ನುತ್ತಿದ್ದರು. ಆದರೆ ಎಲ್ಲಿ ನಾನು ತಿಳಿಯದೆ ತಿಳಿದಂತೆ ಬರೆದಿದ್ದೇನೋ ಅಲ್ಲಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದರು.

ಬೇಸಿಗೆಯ ಹೊತ್ತಿಗೆ ನೋಟ್ಸು ಎಂಬತ್ತು ಪುಟವಾಯಿತು. ಮಕ್ಕಳು ಅದನ್ನು ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಒಯ್ದರು. ಅಂಗಡಿ ನಡೆಸುತ್ತಿದ್ದ ಹೆಂಗಸನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಅವಳು ನನ್ನ ಮೂಲ ಪ್ರತಿಗೆ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಪ್ರತಿ ತೆಗೆದು ಕೊಡುತ್ತಿದ್ದಳು. ನಮ್ಮ ಮಕ್ಕಳು ತಾನೇ ಎಂದು ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ನಮಸ್ಕಾರ್ರಿ ಮೇಡಂ. ನಾ ಯಾದಗಿರಿಲಿಂದ ಮಾತಾಡಾಕತ್ತೀನಿ, ಇಲ್ಲಿ ಕಾಲೇಜಿನ್ಯಾಗ ಕಂಪ್ಯೂಟರ್ ಹೇಳ್ತೀನಿ. ನಿಮ್ಮ ಕನ್ನಡ ನೋಟ್ಸ್ ನಮ್ಮ ಹುಡುಗರ ಕಡೆ ಅದಾವ. ಭಾಳ ಚಂದ ಬರದೀರಿ."

ನಮ್ಮ ಸುರಪುರದ ಅಂಗಡಿಯಿಂದ ಯಾದಗಿರಿಯವರೆಗೆ ಹೋಗಿದೆಯೇ ಎಂದು ನನಗೆ ಹಿಗ್ಗಾಯಿತು.

"ಆದ್ರ ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಐವತ್ತೆರಡನೇ ಪುಟದಾಗ ಒಂದ್ ಗಲತ್ ಅದ."

ಐವತ್ತೆರಡನೆಯ ಪುಟದಲ್ಲಿದ್ದದ್ದು, ಏರುಕ್ರಮದಲ್ಲಿ ಜೋಡಿಸಿದ ಸಂಖ್ಯೆಗಳಲ್ಲಿ ಒಂದನ್ನು ಬೇಗ ಹುಡುಕುವ ಕ್ರಮ. ನಿಘಂಟಿನಲ್ಲಿ ಪದ ಹುಡುಕುವಂತೆಯೇ ಅದು: ನಡುವೆ ತೆರೆಯಬೇಕು; ಬೇಕಾದದ್ದು ಮುಂದಿದ್ದರೆ ಹಿಂದಿನ ಅರ್ಧ ಬಿಡಬೇಕು, ಹಿಂದಿದ್ದರೆ ಮುಂದಿನ ಅರ್ಧ ಬಿಡಬೇಕು; ಉಳಿದದ್ದರಲ್ಲಿ ಮತ್ತೆ ನಡುವೆ ತೆರೆಯಬೇಕು. ನನ್ನ ಉದಾಹರಣೆಯಲ್ಲಿ ಏಳು ಸಂಖ್ಯೆಗಳಿದ್ದವು: ಹನ್ನೆರಡು, ಇಪ್ಪತ್ತೈದು, ಮೂವತ್ತೊಂದು, ನಲವತ್ತೇಳು, ಐವತ್ತಾರು, ಅರವತ್ತೆಂಟು, ತೊಂಬತ್ತು.

"ನಮ್ಮ ಒಬ್ಬ ಹುಡುಗ ತೊಂಬತ್ತು ಹುಡುಕ್ಯಾನ್ರಿ," ಎಂದರು ಆ ಸರ್. "ಇಲ್ಲ ಅಂತ ಬರಾಕತ್ತದ. ಕಣ್ಣ ಮುಂದನ ಅದ, ಆದ್ರ ಇಲ್ಲ ಅಂತದ."

ಪ್ರಯೋಗಾಲಯಕ್ಕೆ ಹೋಗಿ ಆ ಪುಟದ ಪ್ರೋಗ್ರಾಮು ಟೈಪ್ ಮಾಡಿದೆ. ತೊಂಬತ್ತು ಸಿಗಲಿಲ್ಲ. ಹನ್ನೆರಡೂ ಸಿಗಲಿಲ್ಲ. ಮೂವತ್ತೊಂದು ಇಲ್ಲ, ಐವತ್ತಾರು ಇಲ್ಲ. ಏಳರಲ್ಲಿ ನಾಲ್ಕು ಸಂಖ್ಯೆಗಳನ್ನು ನನ್ನ ಪ್ರೋಗ್ರಾಮು ಇಲ್ಲವೇ ಇಲ್ಲ ಎನ್ನುತ್ತಿತ್ತು. ಬರೆಯುವಾಗ ನಾನು ಪರೀಕ್ಷಿಸಿದ್ದು ನಲವತ್ತೇಳು ಮತ್ತು ಇಪ್ಪತ್ತೈದು. ಎರಡೂ ಸಿಕ್ಕಿದ್ದವು, ಅಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದೆ. ಹುಡುಕುವ ಜಾಗದ ಮೊದಲ ತುದಿ ಕೊನೆಯ ತುದಿಗಿಂತ 'ಚಿಕ್ಕದಿರುವ ತನಕ' ಹುಡುಕು ಎಂದು ಬರೆದಿದ್ದೆ. 'ಚಿಕ್ಕದು ಅಥವಾ ಸಮ ಇರುವ ತನಕ' ಎಂದಿರಬೇಕಿತ್ತು. ಎರಡು ತುದಿಗಳೂ ಒಂದೇ ಕಡೆ ಬಂದಾಗ ಒಂದು ಸಂಖ್ಯೆ ಇನ್ನೂ ಉಳಿದಿರುತ್ತದೆ. ಅದನ್ನು ನೋಡದೆಯೇ ನನ್ನ ಪ್ರೋಗ್ರಾಮು ಎದ್ದು ಹೋಗುತ್ತಿತ್ತು. ಬಿಟ್ಟುಹೋದದ್ದು ಒಂದು ಸಮ ಚಿಹ್ನೆ.

ಗಣಿತದವಳಾಗಿ ಸಮ ಚಿಹ್ನೆ ಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಕಾಲೇಜು ಬಿಟ್ಟ ಕೂಡಲೇ ಝೆರಾಕ್ಸ್ ಅಂಗಡಿಗೆ ಹೋದೆ.

"ಅಕ್ಕ, ನನ್ನ ನೋಟ್ಸ್ ಯಾರ್ಯಾರಿಗೆ ಕೊಟ್ಟಿ?"

"ಅಯ್ಯ, ಹೆಂಗ ಹೇಳ್ಲಿ ಮೇಡಂ? ಶಹಾಪುರದೋರು ಒಯ್ದಾರ, ದೋರನಹಳ್ಳಿ ಹುಡುಗ್ಯಾರು ಒಯ್ದಾರ. ಯಾಕ, ಕೊಡಬಾರದಾಗಿತ್ತೇನ್ರಿ?"

"ಕೊಡಬೇಕು. ಆದ್ರ ಅದರಾಗ ತಪ್ಪದ."

"ತಪ್ಪದ?" ಅವಳು ತನ್ನದೇ ತಪ್ಪೇನೋ ಎಂಬಂತೆ ಮಷೀನಿನ ಕಡೆ ನೋಡಿದಳು. ವಿಷಯ ತಿಳಿದ ಮೇಲೆ ನಿರಾಳವಾದಳು. "ಹೋದದ್ದು ಹೋತ್ರಿ. ಇನ್ನ ಮ್ಯಾಲ ಹೋಗೋದು ಸರಿ ಮಾಡೂಣು. ನೀವ್ ಒಂದ್ ಚೀಟಿ ಬರದು ಕೊಡ್ರಿ, ನಾ ಎಲ್ಲಾಕ್ಕೂ ಪಿನ್ ಹೊಡಿತೀನಿ. ಹಳೇದು ತಗೊಂಡೋರು ಮತ್ತೊಂದು ಕೆಲಸಕ್ಕ ಬಂದ ಬರ್ತಾರ, ಅವರ ಕೈಯಾಗೂ ಕೊಡ್ತೀನಿ."

ಅಂಗಡಿಯ ಬಾಗಿಲಲ್ಲೇ ನಿಂತು ಅರ್ಧ ಪುಟದ ತಿದ್ದುಪಡಿ ಬರೆದುಕೊಟ್ಟೆ. ಮರುದಿನ ತರಗತಿಯಲ್ಲಿ ತಿದ್ದುಪಡಿಯನ್ನು ಓದಿಬಿಡಬೇಕೆಂದಿದ್ದೆ. ಆದರೆ ಫಲಕದ ಮುಂದೆ ನಿಂತಾಗ ಮನಸ್ಸು ಬದಲಾಯಿತು. "ಐವತ್ತೆರಡನೇ ಪುಟದಾಗ ನಾ ತಪ್ಪು ಮಾಡೀನಿ," ಎಂದೆ. "ಏನಂತ ಹೇಳೂದಿಲ್ಲ. ಯಾವ್ಯಾವ ಸಂಖ್ಯೆ ಸಿಗೂದಿಲ್ಲ, ಯಾಕ ಸಿಗೂದಿಲ್ಲ, ನೀವ ಹುಡುಕ್ರಿ."

ಆ ಗಂಟೆಯಷ್ಟು ಗದ್ದಲ ನನ್ನ ತರಗತಿಯಲ್ಲಿ ಎಂದೂ ಆಗಿರಲಿಲ್ಲ. ಹಿಂದಿನ ಬೆಂಚಿನವರು ಏಳು ಚೀಟಿಗಳ ಮೇಲೆ ಸಂಖ್ಯೆ ಬರೆದು ಬೆಂಚಿನ ಮೇಲೆ ಸಾಲಾಗಿಟ್ಟು, ಎರಡು ಪೆನ್ನುಗಳನ್ನು ಎರಡು ತುದಿಗಳಾಗಿ ಮಾಡಿ ಸರಿಸುತ್ತ ಹೋದರು. ಎರಡೂ ಪೆನ್ನುಗಳು ತೊಂಬತ್ತರ ಮೇಲೆ ಬಂದು ಕೂಡಿದಾಗ ಒಬ್ಬ ಕೂಗಿದ, "ಮೇಡಂ, ಇಲ್ಲಿ ನಿಂತುಬಿಡ್ತದ್ರಿ! ಒಳಗ ಇಣುಕೂದ ಇಲ್ಲ!" ಸಮ ಚಿಹ್ನೆಯನ್ನು ಅವರೇ ಹಾಕಿದರು. ಆ ಕ್ರಮವನ್ನು ಆ ವರ್ಷದ ಯಾವ ಹುಡುಗನೂ ಹುಡುಗಿಯೂ ಮತ್ತೆ ತಪ್ಪು ಬರೆಯಲಿಲ್ಲ.

ಯಾದಗಿರಿಯ ಸರ್‌ಗೆ ಧನ್ಯವಾದ ಹೇಳಲು ಫೋನ್ ಮಾಡಿದೆ. ಅವರು, "ಒಂದ್ ಐತವಾರ ಶಹಾಪುರಕ್ಕ ಬರ್ರಿ ಮೇಡಂ, ನಾನೂ ಬರ್ತೀನಿ. ಇಬ್ಬರಿಗೂ ನಡುವ ಆಗ್ತದ," ಎಂದರು. ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಭೇಟಿಯಾದೆವು. ತಲೆ ಪೂರ್ತಿ ನರೆತಿದ್ದ, ಮೆಲ್ಲಗೆ ಮಾತನಾಡುವ ಮನುಷ್ಯ. ಗುರುಮಠಕಲ್ ಕಡೆಯವರು, ಚಿಕ್ಕಂದಿನಲ್ಲಿ ತೆಲುಗಿನಲ್ಲಿ ಓದಿದವರು. ಮೆಚ್ಚಿಕೆಯಾದರೆ "ಅವುನು, ಅವುನು" ಎಂದು ತೆಲುಗಿನಲ್ಲೇ ತಲೆಯಾಡಿಸುತ್ತಿದ್ದರು.

ಹೆಗಲಿನ ಚೀಲದಿಂದ ಅವರು ಒಂದು ತೆಳ್ಳಗಿನ ಇಂಗ್ಲಿಷ್ ಪುಸ್ತಕ ತೆಗೆದರು. ಹೈದರಾಬಾದಿನ ಕೋಠಿಯಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕದ್ದಂತೆ. "ದಪ್ಪ ಕಿತಾಬು ನೋಡಿ ಅಂಜಬ್ಯಾಡ್ರಿ," ಎಂದರು. "ತೆಳ್ಳಂದು ಮೂರು ಸಲ ಓದ್ರಿ. ಆಮ್ಯಾಗ ಪ್ರೋಗ್ರಾಮಿಂಗ್ ಭಾಷೆ ಮಾಡಿದೋರ ಬರದ ಕೈಪಿಡಿ ಅದ, ನೆಟ್ಟಿನ್ಯಾಗ ಪುಕ್ಕಟ ಸಿಗ್ತದ. ಎಲ್ಲರೂ ವಿಡಿಯೋ ನೋಡ್ತಾರ, ಅದನ್ನ ಯಾರೂ ತೆಗದು ನೋಡೂದಿಲ್ಲ."

"ವಿಡಿಯೋ ನೋಡಬಾರದೇನ್ರಿ ಸರ್?"

"ನೋಡ್ರಿ. ಆದ್ರ ನಿಲ್ಲಿಸಿ ನಿಲ್ಲಿಸಿ ಟೈಪ್ ಮಾಡ್ರಿ. ಸುಮ್ನ ನೋಡಿದ್ರ ಎಲ್ಲಾ ತಿಳದಂಗ ಅನಸ್ತದ, ಬಂದ್ ಮಾಡಿದ ಮ್ಯಾಲ ಏನೂ ಇರೂದಿಲ್ಲ."

ಪ್ರೋಗ್ರಾಮು ಕೆಟ್ಟಾಗ ಪರದೆಯ ಮೇಲೆ ಬರುವ ಕೆಂಪು ಸಾಲುಗಳನ್ನು ಓದುವುದನ್ನೂ ಅವರೇ ಕಲಿಸಿದರು. ನಾನು ಅವನ್ನು ಬೈಗುಳದಂತೆ ಕಂಡು ಅಳಿಸಿಬಿಡುತ್ತಿದ್ದೆ. ಅವರು ಕೊನೆಯ ಸಾಲನ್ನು ಮೊದಲು ಓದಬೇಕೆಂದರು. ಏನು ಕೆಟ್ಟಿದೆ ಎಂಬುದು ಅಲ್ಲಿ, ಎಲ್ಲಿ ಕೆಟ್ಟಿದೆ ಎಂಬುದು ಅದರ ಮೇಲೆ. ಇಷ್ಟು ಸಣ್ಣ ವಿಷಯ ನನ್ನ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ತಮ್ಮದೊಂದು ನೋಟ್‌ಬುಕ್ಕು ತೆಗೆದರು. "ನಂಗ ವಿಷಯ ಬರ್ತದ ಮೇಡಂ, ಕನ್ನಡ ಬರೂದಿಲ್ಲ. ಮಾತಾಡ್ತೀನಿ, ಆದ್ರ ಬರೀಲಾಕ ಕುಂತ್ರ ಕೈ ನಿಂದರ್ತದ. ನೀವು ಪಾಟಿ ಅಂತ ಬರದೀರಲ್ಲ, ಹಂಗ ಇವಕ್ಕೂ ಏನರ ಹೇಳ್ರಿ." ಪುಟದ ತುಂಬ ಇಂಗ್ಲಿಷ್ ಪದಗಳ ಸಾಲು. ಮಿರ್ಚಿ ಭಜಿ ಆರಿ ತಣ್ಣಗಾಗುವವರೆಗೂ ನಾವಿಬ್ಬರೂ ಆ ಪದಗಳ ಮೇಲೆ ಜಗಳವಾಡಿದೆವು. ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್ನಿಗೆ, ಎಂದರೆ ಪ್ರೋಗ್ರಾಮಿನ ಅಂಥ ತುಣುಕಿಗೆ, ನಾನು ಹೇಳಿದ ಯಾವ ಕನ್ನಡ ಹೆಸರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಅಂದಿನಿಂದ ತಿಂಗಳಿಗೊಂದು ಭಾನುವಾರ ಶಹಾಪುರಕ್ಕೆ ಹೋಗುವುದು ರೂಢಿಯಾಯಿತು. ದೋರನಹಳ್ಳಿಯ ಹೈಸ್ಕೂಲಿನ ಒಬ್ಬ ಶಿಕ್ಷಕಿಯೂ ಸೇರಿಕೊಂಡರು. ಯಾರಾದರೂ ಒಬ್ಬರು ಒಂದು ಅಧ್ಯಾಯ ಓದಿಕೊಂಡು ಬಂದು ಉಳಿದವರಿಗೆ ಹೇಳಬೇಕು, ತಿಳಿಯದ್ದನ್ನು ತಿಳಿಯಲಿಲ್ಲ ಎನ್ನಬೇಕು. ಒಂದು ವರ್ಷದಲ್ಲಿ, ಹೊಸದಾಗಿ ಕಲಿಸುವವರು ಏನು ಓದಬೇಕು, ಯಾವುದನ್ನು ಮೊದಲು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ಒಂದು ಪುಟದ ಪಟ್ಟಿ ತಯಾರಾಯಿತು. ನನ್ನ ನೋಟ್ಸನ್ನೂ ತಿದ್ದಿ ಬರೆದೆ. ಅದರ ಮೊದಲ ಪುಟದಲ್ಲಿ 'ತಪ್ಪು ಕಂಡರೆ ಅಂಗಡಿಯ ಅಕ್ಕನ ಹತ್ತಿರ ಚೀಟಿ ಕೊಡಿ' ಎಂದು ಬರೆದದ್ದು ಅಕ್ಕನದೇ ಸಲಹೆ. ಅವಳು ಅದಕ್ಕೆಂದೇ ಹಳೆಯ ಮಿಠಾಯಿ ಡಬ್ಬಿಯೊಂದನ್ನು ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಬಂದ ಚೀಟಿಗಳಲ್ಲಿ ಹೆಚ್ಚಿನವು ಕಾಗುಣಿತದವು, ಕೆಲವು ಬರೀ ತಮಾಷೆಯವು, ಐದಾರು ನಿಜವಾದ ತಪ್ಪುಗಳು. ಆ ಐದಾರಕ್ಕೆ ನನಗೆ ನಾಚಿಕೆಯಾಗಲಿಲ್ಲ. ಚೀಟಿ ಬರೆದವರು ಯಾರೆಂದು ಕೇಳಿ ತಿಳಿದುಕೊಂಡೆ, ಅಷ್ಟೆ.

ಹೋದ ವರ್ಷ ಕಾಲೇಜಿಗೆ ಕಂಪ್ಯೂಟರ್ ವಿಜ್ಞಾನದ ಹೊಸ ಉಪನ್ಯಾಸಕಿ ಬಂದರು. ಮುದನಾಳದವರು, ಚಿಕ್ಕ ವಯಸ್ಸು, ವಿಷಯವನ್ನೇ ಓದಿ ಬಂದವರು. ಕಪಾಟಿನ ಕೀಲಿಯನ್ನೂ ನಮ್ಮ ಓದಿನ ಪಟ್ಟಿಯನ್ನೂ ಅವರ ಕೈಗೆ ಕೊಟ್ಟೆ. ಅವರು ಪಟ್ಟಿಯನ್ನು ನಿಂತಲ್ಲೇ ಓದಿ, "ಮೇಡಂ, ಸಿಟ್ಟಿಗೇಳೂದಿಲ್ಲಂದ್ರ ಒಂದ್ ಮಾತ್ರಿ," ಎಂದರು.

"ಹೇಳ್ರಿ."

"ಈ ಎರಡು ಪುಸ್ತಕ ಹಳೇವಾಗ್ಯಾವ. ತೆಗದು, ಇವಕ್ಕಿಂತ ಚಲೋದು ಒಂದದ, ಹಾಕ್ಲೇನ್ರಿ?"

ಪೆನ್ನು ಕೊಟ್ಟೆ. ಅವರು ಎರಡು ಸಾಲು ಹೊಡೆದುಹಾಕಿ ಕೆಳಗೊಂದು ಸಾಲು ಬರೆದರು. ಹೊಡೆದುಹಾಕಿದ್ದರಲ್ಲಿ ಒಂದು ನಾನು ಬಹಳ ಇಷ್ಟಪಟ್ಟು ಸೇರಿಸಿದ್ದು. ಮನಸ್ಸು ಸ್ವಲ್ಪ ಚುರುಕ್ ಎಂದಿತು. ಅವರು ಸೇರಿಸಿದ್ದನ್ನು ಆ ವಾರವೇ ಓದಿದೆ. ಅವರು ಹೇಳಿದ್ದು ಸರಿಯಿತ್ತು. ಮುಂದಿನ ಭಾನುವಾರ ಅವರನ್ನೂ ಕರೆದುಕೊಂಡು ಶಹಾಪುರದ ಬಸ್ ಹತ್ತಿದೆ. ಕಿಟಕಿಯ ಸೀಟು ಅವರಿಗೆ ಬಿಟ್ಟುಕೊಟ್ಟು, ದಾರಿಯುದ್ದಕ್ಕೂ ಆ ಪುಸ್ತಕದಲ್ಲಿ ನನಗೆ ತಿಳಿಯದ ಎರಡು ಪುಟಗಳ ಬಗ್ಗೆ ಕೇಳುತ್ತ ಹೋದೆ.