ರಾಹುಕಾಲ ಕಳೆದು ಒಳಗೆ ಬಂದ ಹಲ್ಲಿ

ಆ ಭಾನುವಾರ ಮಾಡಿದ ಕೆಲಸಗಳು: ಬೆಳಿಗ್ಗೆ ನೀರು ಬಿಟ್ಟಿದ್ದರು, ಸಂಪು ತುಂಬುವವರೆಗೆ ಕಾದು ಮೋಟರು ಹಾಕಿದೆ. ಅತ್ತೆಯ ಎರಡು ಸೀರೆ ನೆನೆಹಾಕಿ ಒಗೆದೆ. ರೊಟ್ಟಿ ಬಡಿದೆ. ಟೆರೇಸಿನ ಕರಿಬೇವಿಗೆ ಅಕ್ಕಿ ತೊಳೆದ ನೀರು ಹಾಕಿದೆ. ಪಪ್ಪಾಯಿ ಹೋಳೊಂದನ್ನು ನುಣ್ಣಗೆ ಅರೆದು ಚಮಚದಲ್ಲಿ ಹಲ್ಲಿಯ ಮುಂದೆ ಹಿಡಿದೆ, ಅದು ನೋಡಲಿಲ್ಲ. ಶೇಂಗಾ ಹುರಿದೆ. ಇನ್ನೊಮ್ಮೆ ಚಮಚ ಹಿಡಿದೆ, ಆಗಲೂ ನೋಡಲಿಲ್ಲ. ಹಲ್ಲಿ ಮಾರಿದವರು ಸಂಜೆಯೊಳಗೆ ಬರುತ್ತೇನೆ ಎಂದಿದ್ದರು, ಅದಕ್ಕೆ ಹಾಲ್‌ನ ಮೂಲೆಗಳ ಜೇಡರ ಬಲೆ ತೆಗೆದು ನೆಲ ಒರೆಸಿದೆ. ಜಗಳಕ್ಕೆ ಬರುವವರಿಗಾಗಿ ಮನೆ ಚೊಕ್ಕ ಮಾಡುವುದು ಯಾಕೋ ಗೊತ್ತಿಲ್ಲ, ಕೈ ಸುಮ್ಮನಿರಲಿಲ್ಲ.

ನಮ್ಮ ಮನೆಗೆ ಹಲ್ಲಿ ಬರುವುದಕ್ಕೆ ಕಾರಣ ನಮ್ಮ ಯಜಮಾನರ ನಿದ್ದೆ. ಗದಗದ ಕಡೆಯಿಂದ ಬಂದು ಕೊಡಿಗೇಹಳ್ಳಿಯಲ್ಲಿ ಮನೆ ಹಿಡಿದಂದಿನಿಂದ ಅವರು ಯಶವಂತಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯವರೇ. ಬಿ.ಪಿ. ಬಂತೆಂದು ಈಗ ಹಗಲಿನ ಕೆಲಸಕ್ಕೆ ಹಾಕಿದ್ದಾರೆ. ದೇಹ ಒಪ್ಪಬೇಕಲ್ಲ? ನಾವೆಲ್ಲ ಮಲಗಿದ ಮೇಲೆ ಅವರೊಬ್ಬರೇ ಹಾಲ್‌ನಲ್ಲಿ ದೀಪ ಸಣ್ಣದು ಮಾಡಿಕೊಂಡು ಕುಳಿತಿರುತ್ತಿದ್ದರು. ನಾಯಿ ಸಾಕೋಣವೆಂದರೆ ಕೆಳಗಿನ ಮನೆಯ ಮಾಲೀಕರು ಒಪ್ಪುವುದಿಲ್ಲ. ಹೀಗಿರುವಾಗ ಮೊಬೈಲಿನಲ್ಲಿ ಎಲ್ಲೋ ಇದನ್ನು ನೋಡಿದರು. ಕ್ರೆಸ್ಟೆಡ್ ಗೆಕ್ಕೊ ಎನ್ನುವ ವಿದೇಶದ ಹಲ್ಲಿ. ಕಣ್ಣಿನ ಮೇಲೆ ರೆಪ್ಪೆಗೂದಲಿನಂಥ ಮುಳ್ಳಿನ ಸಾಲು, ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ, ಸದ್ದಿಲ್ಲ.

ಅತ್ತೆ ಮೊದಲು ಹೌಹಾರಿದರು.

"ಅಲ್ಲೊ ತಮ್ಮಾ, ಹಲ್ಲಿ ಮೈಮ್ಯಾಲೆ ಬಿದ್ರ ತಲಿಮ್ಯಾಲೆ ನೀರ್ ಸುರಕೊಳ್ಳೂ ಮಂದಿ ನಾವು. ನೀ ರೊಕ್ಕಾ ಕೊಟ್ಟು ತರಾಕತ್ತೀ?"

"ಇದು ಹಣ್ಣು ತಿಂತೈತಿ ಯವ್ವಾ."

"ಹಣ್ಣು? ಹುಳಾ-ಹುಪ್ಪಡಿ ಬ್ಯಾಡನು?"

"ಬ್ಯಾಡ. ಹಣ್ಣಿನ ಪುಡಿ ಕಲಸಿ ಇಟ್ರ ನೆಕ್ಕತೈತಿ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ನಮ್ಮ ಮಂದೀನ ಅದು. ಬರಲಿ" ಎಂದರು.

ಮಾರುವವರು ಊರಂಚಿನ ಮಾಕಳಿಯವರು. ಮನೆಯ ಮಹಡಿಯ ಕೋಣೆಯಲ್ಲಿ ಇವನ್ನು ಸಾಕಿ, ಮರಿ ಮಾಡಿಸಿ, ಬೈಕ್ ಪಾರ್ಸೆಲ್‌ನವರ ಕೈಯಲ್ಲಿ ಕಳಿಸುತ್ತಾರೆ. ಶುಕ್ರವಾರ ಬೆಳಿಗ್ಗೆ ಕಳಿಸುತ್ತೇನೆ ಎಂದರು. ಯಜಮಾನರು ಕೆಲಸಕ್ಕೆ ಹೊರಡುವಾಗ, "ಡಬ್ಬಿ ತೆಗಿಯೂ ಮುಂದ ವಿಡಿಯೊ ಮಾಡು, ನಾ ನೋಡಬೇಕು" ಎಂದು ಚಪ್ಪಲಿ ಹಾಕಿಕೊಂಡು ಮತ್ತೆ ಒಳಗೆ ಬಂದು ಹೇಳಿಹೋದರು.

ಬೈಕಿನವನು ಗೇಟು ಬಡಿದಾಗ ಅತ್ತೆ ಕ್ಯಾಲೆಂಡರ್ ಮುಂದೆ ನಿಂತಿದ್ದರು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅದು ಆಗತಾನೇ ಶುರುವಾಗಿತ್ತು.

"ಹೊಸಾ ಜೀವ ಐತಿ. ಈಗ ಹೊಸ್ತಿಲಾ ದಾಟಸಬ್ಯಾಡ. ಅಲ್ಲೇ ಇಡು" ಎಂದರು. ನನಗೂ ಅದು ತಪ್ಪೆನಿಸಲಿಲ್ಲ. ನಮ್ಮ ಫ್ರಿಜ್ಜೂ ಒಮ್ಮೆ ಹೀಗೇ ಮೆಟ್ಟಿಲ ಬಳಿ ಕಾದು ಒಳಗೆ ಬಂದದ್ದು. ಡಬ್ಬಿಯನ್ನು ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟು ಸಾರಿಗೆ ಒಗ್ಗರಣೆ ಹಾಕಲು ಹೋದೆ. ಅಲ್ಲಿಗೆ ಬಿಸಿಲು ತಿರುಗುವುದು ಹನ್ನೊಂದರ ನಂತರ ಎನ್ನುವುದು, ದಿನಾ ಅದೇ ಜಾಗದಲ್ಲಿ ಹಪ್ಪಳ ಒಣಗಿಸುವ ನನಗೆ ಆಗ ನೆನಪಿಗೆ ಬರಲಿಲ್ಲ.

ಹನ್ನೆರಡು ಹೊಡೆದ ಮೇಲೆ ಅತ್ತೆ ಆರತಿ ತಟ್ಟೆ ತಂದರು. ಡಬ್ಬಿಗೆ ಕುಂಕುಮ ಹಚ್ಚಿ, "ಬಾರವ್ವಾ, ಲಕ್ಷ್ಮಿ ಆಗಿ ಬಾ" ಎಂದು ಆರತಿ ಎತ್ತಿ ಒಳಗೆ ಕರೆದುಕೊಂಡರು. ನಾನು ವಿಡಿಯೊ ಮಾಡುತ್ತಿದ್ದೆ. ಮುಚ್ಚಳ ತೆಗೆದರೆ ಒದ್ದೆ ಟಿಶ್ಯೂ ಕಾಗದದ ಒಂದು ಬದಿಗೆ ಹಲ್ಲಿ, ಇನ್ನೊಂದು ಬದಿಗೆ ಅದರ ಬಾಲ. ಅತ್ತೆ ತಟ್ಟೆಯನ್ನು ನೆಲಕ್ಕಿಟ್ಟ ಸದ್ದೂ ವಿಡಿಯೊದಲ್ಲಿದೆ.

ಹಲ್ಲಿ ಕೈಬೆರಳಿನಷ್ಟೇ ಇತ್ತು. ಚರ್ಮ ಸುಕ್ಕು, ಪಕ್ಕೆಲುಬು ಎಣಿಸಬಹುದು. ಬೆರಳುಗಳಿಗೆ ಹಳೆಯ ಪೊರೆ ಬೆಳ್ಳಗೆ ಉಂಗುರದಂತೆ ಬಿಗಿದುಕೊಂಡಿತ್ತು. ಯಜಮಾನರು ಮೊದಲೇ ತಂದಿಟ್ಟಿದ್ದ ಗಾಜಿನ ಪೆಟ್ಟಿಗೆಗೆ ಬಿಟ್ಟರೆ, ಗೋಡೆ ಹತ್ತಲು ಹೋಗಿ ಜಾರಿತು. ಮತ್ತೆ ಹತ್ತಲಿಲ್ಲ.

ಸಂಜೆ ಬಂದ ಯಜಮಾನರು ಬೈಯಲಿಲ್ಲ. "ಬಿಸಿಲಿಗೆ ಇಡಬಾರದಿತ್ತು" ಎಂದು ಒಂದೇ ಸಲ ಹೇಳಿ, ಗುಲಾಬಿ ನೀರಿನ ಹಳೆಯ ಸ್ಪ್ರೇ ಬಾಟಲಿ ತೊಳೆದು ನೀರು ತುಂಬಿ ಅದಕ್ಕೆ ಚಿಮುಕಿಸುತ್ತ ಕುಳಿತರು. ಮಾರಿದವರಿಗೆ ವಿಡಿಯೊ ಕಳಿಸಿದೆವು. ಅವರ ಫೋನು ಬಂದಾಗ ಇವರು ನನ್ನ ಕೈಗೇ ಕೊಟ್ಟರು.

"ಮೇಡಂ, ವಿಡಿಯೊ ನೋಡ್ದೆ. ಆರತಿ ಎಲ್ಲಾ ಚೆನ್ನಾಗೈತೆ. ಆದ್ರೆ ಬೈಕಿನೋನು ಹತ್ತೂವರೆಗೇ ಕೊಟ್ಟವ್ನೆ, ನೀವು ತೆಗ್ದಿರೋದು ಹನ್ನೆರಡರ ಮೇಲೆ. ಅಷ್ಟೊತ್ತು ಏನ್ ಮಾಡ್ತಿದ್ರಿ?"

"ರಾಹುಕಾಲ ಇತ್ತು."

ಆ ಕಡೆ ಹಿಂದಿನಿಂದ ಒಬ್ಬ ಮುದುಕಿಯ ದನಿ, "ಯಾರ್ಲಾ ಅದು?" ಎಂದು ಕೇಳುತ್ತಿತ್ತು.

"ಎಲ್ ಮಡಗಿದ್ರಿ?"

"ಚಪ್ಪಲಿ ಸ್ಟ್ಯಾಂಡ್ ಮೇಲೆ."

"ಬಿಸ್ಲು?"

"ಸ್ವಲ್ಪ ಬಂತು."

"ನೋಡಿ ಮತ್ತೆ! ಈ ಜೀವಕ್ಕೆ ಸೆಕೆ ಆಗ್ಬರಲ್ಲ. ಗಾಬ್ರಿ ಆದ್ರೆ ಬಾಲ ಬಿಡ್ತದೆ. ಇಂಗ್ ಮಾಡಿ ನನ್ನ ಕೇಳಿದ್ರೆ?"

"ಬಾಲದ್ದು ಸರಿ ಅಣ್ಣಾ, ಒಪ್ತೀನಿ. ಬೆರಳಿಗೆ ಪೊರೆ ಅಂಟಿದೆಯಲ್ಲ, ಅದು ಒಂದು ಬೆಳಿಗ್ಗೇಲಿ ಅಂಟೋದಾ? ಎಲುಬು ಕಾಣ್ತಿದೆ. ಅದೂ ನಮ್ಮ ಚಪ್ಪಲಿ ಸ್ಟ್ಯಾಂಡ್ ಮೇಲೇ ಸೊರಗಿತಾ?"

ಅವರು, "ಭಾನ್ವಾರ ಬರ್ತೀನಿ. ಅದನ್ನ ಕೊಟ್ಬುಡಿ, ಬೇರೆ ತಂದ್ಕೊಡ್ತೀನಿ" ಎಂದು ಇಟ್ಟುಬಿಟ್ಟರು.

ನನಗೆ ನಿರಾಳವಾಯಿತು, ನಿಜ ಹೇಳುತ್ತೇನೆ. ಸಾಯುವ ಪ್ರಾಣಿ ಮನೆಯಲ್ಲಿರುವುದು ಯಾರಿಗೆ ಬೇಕು? ಯಜಮಾನರು ಮಾತ್ರ, "ಬ್ಯಾರೇದು" ಎಂದು ಆ ಪದವನ್ನೊಮ್ಮೆ ಹೇಳಿ ನೋಡಿದರು. ಶನಿವಾರ ರಜೆ ಹಾಕಿ ಹೆಬ್ಬಾಳದ ಕಡೆಯ ಪ್ರಾಣಿವೈದ್ಯರೊಬ್ಬರಿಗೆ ತೋರಿಸಿಕೊಂಡು ಬಂದರು. ಮೈಯ ನೀರು ಆರಿದೆ. ತಾನಾಗಿ ತಿಂದರೆ ಉಳಿಯುತ್ತದೆ, ತಿನ್ನದಿದ್ದರೆ ಕಷ್ಟ ಎಂದರಂತೆ. ಆಗಿನಿಂದ ಆ ಚಮಚ ಅದರ ಮುಂದೆ ಹೋಗಿದ್ದೇ ಹೋಗಿದ್ದು. ಅದು ಬಾಯಿ ತೆರೆಯಲಿಲ್ಲ.

ಭಾನುವಾರ ಮೂರೂವರೆಯ ಹೊತ್ತಿಗೆ ಸ್ಕೂಟರ್ ಬಂದು ನಿಂತಿತು. ನಮ್ಮ ವಯಸ್ಸಿನವರೇ, ಕೆನ್ನೆಗೆ ಬಿಳಿ ಗಡ್ಡ. ಕೈಯಲ್ಲಿ ತೂತು ಹಾಕಿದ ಐಸ್‌ಕ್ರೀಮ್ ಡಬ್ಬಿ. ನಾನು ಎರಡು ದಿನದಿಂದ ಕೂಡಿಸಿಟ್ಟಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಅವರು ನಮಸ್ಕಾರವನ್ನೂ ಅರ್ಧಕ್ಕೇ ಬಿಟ್ಟು ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬಹಳ ಹೊತ್ತು ನೋಡಿದರು.

"ಇಷ್ಟೊಂದು ಇಳ್ದೋಗಿತ್ತಾ ಇದು" ಎಂದರು. ನಮ್ಮನ್ನು ಕೇಳಿದ್ದಲ್ಲ.

ಅತ್ತೆ ಮಂಚದ ಮೇಲಿಂದ, "ಡಬ್ಬಿಗೆ ಹಾಕೂ ಮುಂದ ನೋಡಿದ್ದಿಲ್ಲನ್ರಿ?" ಎಂದರು.

"ಇಲ್ಲ ಅಜ್ಜಿ. ನಮ್ಮವ್ವ ಬಚ್ಚಲಾಗೆ ಬಿದ್ದು ಸೊಂಟ ಮುರ್ಕೊಂಡವ್ರೆ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಮಹಡಿ ಮೇಲಕ್ಕೋಗಿ ನೀರು ಚಿಮ್ಸೋಕೇ ಆಗ್ಲಿಲ್ಲ. ತೇವ ಇಲ್ದಿದ್ರೆ ಪೊರೆ ಬಿಡಲ್ಲ ಇವಕ್ಕೆ. ಆವತ್ತೂ ಬೆಳಕರಿಯೋಕ್ ಮುಂಚೆನೇ ಕತ್ಲಲ್ಲಿ ಇಡ್ದು ಡಬ್ಬಿಗ್ ಹಾಕ್ಬುಟ್ಟೆ."

"ಅಷ್ಟ್ ಲಗೂನ ಯಾಕ್ರಿ?"

ಅವರು ನೆಲ ನೋಡಿದರು. "ನಮ್ಮವ್ವ ಮಲಗಿದ್ದಲ್ಲಿಂದ್ಲೇ ಹೇಳಿದ್ರು, ರಾವುಕಾಲ್ದಲ್ಲಿ ಜೀವ ಒಸ್ಲು ದಾಟಿಸ್ಬ್ಯಾಡ ಕಣ್ಲಾ ಅಂತ. ಅದ್ಕೇ ಮೊದ್ಲೇ ಡಬ್ಬಿಗ್ ಹಾಕಿ ಮಡಗಿ, ಒಂಬತ್ತು ಗಂಟೆಗೆಲ್ಲಾ ಬೈಕಿಗೆ ಕೊಟ್ಟು ಆಸ್ಪತ್ರೆಗೋದೆ."

ಮಾಕಳಿಯಿಂದ ಕೊಡಿಗೇಹಳ್ಳಿಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ರಾಹುಕಾಲ ತಪ್ಪಿಸಿ ಹೊರಟಿದ್ದಕ್ಕೇ ಅದು ಇಲ್ಲಿ ಸರಿಯಾಗಿ ರಾಹುಕಾಲಕ್ಕೆ ಬಂದು ಮುಟ್ಟಿತ್ತು. ಯಜಮಾನರು ಮೊದಲು ಕೆಮ್ಮಿದ ಹಾಗೆ ಮಾಡಿದರು, ಆಮೇಲೆ ನಕ್ಕೇಬಿಟ್ಟರು. ಶುಕ್ರವಾರದಿಂದ ಆ ಸದ್ದು ನಾನು ಕೇಳಿರಲಿಲ್ಲ. ಬಂದವರೂ ಮೀಸೆಯಲ್ಲೇ ನಕ್ಕರು. ಅತ್ತೆ ನಗಲಿಲ್ಲ. "ನಿಮ್ಮವ್ವ ಹೇಳಿದ್ದು ಖರೇನ ಐತಿ" ಎಂದರು.

ಬಂದವರು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಕೆಂಪು ಇಟ್ಟಿಗೆ ಬಣ್ಣದ, ಮೈತುಂಬಿಕೊಂಡ ಹಲ್ಲಿ, ಬಾಲವೂ ಇತ್ತು. "ಇದನ್ನ ಮಡಗ್ಕಳಿ, ಅದನ್ನ ಕೊಡಿ. ಲೆಕ್ಕ ಸರಿಯಾಯ್ತದೆ."

ಯಜಮಾನರು ಹೊಸದನ್ನು ನೋಡಿದರು. "ಇದನ್ನ ಒಯ್ದು ಏನ್ ಮಾಡ್ತೀರಿ?"

"ನೋಡ್ಕೋತೀನಿ ಸಾರ್." ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತ, "ಸುಳ್ಳೇಳಲ್ಲ. ನಾಳೆ ಮತ್ತೆ ನಮ್ಮವ್ವನ್ನ ಕರ್ಕೊಂಡೋಗ್ಬೇಕು. ಉಳುದ್ರೆ ಉಳೀತು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಂಚದಿಂದ ಕಾಲು ಇಳಿಬಿಟ್ಟರು. "ಆರತಿ ಮಾಡಿ ಒಳಗ ಕರಕೊಂಡಾಕಿನ್ನ ತಿರುಗಿ ಕಳಸೂ ಪದ್ಧತಿ ನಮ್ಮ ಮನ್ಯಾಗಿಲ್ಲ. ನನ್ನ ಸೊಸಿ ಬಂದಾಗೂ ಹಿಂಗ ಕಡ್ಡಿ ಆಗಿದ್ಲು. ಕಳಿಸಿದ್ನೇನು?"

"ನನ್ನನ್ನ ಹಲ್ಲಿಗೆ ಹೋಲಸ್ತೀರೇನ್ರಿ ಅತ್ತಿ?"

"ಹಲ್ಲಿ ತಿರುಗಿ ಮಾತಾಡೂದಿಲ್ಲ, ಅಷ್ಟ ಫರಕು."

ಅಲ್ಲಿಗೆ ತೀರ್ಮಾನವಾಯಿತು. ಬಂದವರು ಬೆಚ್ಚಗಿನ ನೀರು ಕೇಳಿದರು. ಹತ್ತಿ ಬಟ್ಟೆ ಅದ್ದಿ, ಹಲ್ಲಿಯನ್ನು ಅದರಲ್ಲಿ ಸುತ್ತಿ ಅಂಗೈಯಲ್ಲಿ ಇಟ್ಟುಕೊಂಡು ಕಾಯಿಸಿದರು. ಪೊರೆ ನೆಂದ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಂದೊಂದೇ ಬೆರಳಿನ ಉಂಗುರ ಜಾರಿಸಿದರು. ಹಿಂದಿನ ಕಾಲಿನ ಒಂದು ಬೆರಳು ಕಪ್ಪಾಗಿತ್ತು, ಅದು ಉಳಿಯುವುದಿಲ್ಲ ಎಂದರು. ಬಾಲವೂ ಈ ಜಾತಿಗೆ ಮತ್ತೆ ಬರುವುದಿಲ್ಲವಂತೆ. "ಇರಲಿ ಬಿಡ್ರಿ" ಎಂದರು ಯಜಮಾನರು, ಅವರ ಕೈಯನ್ನೇ ನೋಡುತ್ತ.

ಬಂದವರು ಕೈ ತೊಳೆದು ಹೊರಡಲು ಎದ್ದರು. ಅತ್ತೆ ಗಡಿಯಾರ ನೋಡಿ, "ಕುಂದರ್ರಿ. ಐತವಾರ. ನಾಕೂವರಿ ಆತು, ಆರರ ತನಕಾ ರಾಹುಕಾಲ" ಎಂದರು. ಅವರು ಮತ್ತೆ ಕುಳಿತರು, ಐಸ್‌ಕ್ರೀಮ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ನಾನು ಈರುಳ್ಳಿ ಹೆಚ್ಚಲು ಅಡುಗೆಮನೆಗೆ ಹೋದವಳು ಚಾಕು ಹಿಡಿದೇ ಓಡಿ ಬಂದೆ.

"ಅಣ್ಣಾ, ಮೊದಲು ಆ ಡಬ್ಬಿ ಮುಚ್ಚಳ ತೆಗೀರಿ!"

"ಅಯ್ಯೋ, ಔದಲ್ವಾ" ಎಂದು ಅವರೂ ಗಡಬಡಿಸಿ ತೆಗೆದರು. ನೀಲಿ ಬಕೆಟ್ಟಿಗೆ ಕರಿಬೇವಿನ ಟೊಂಗೆ ಹಾಕಿ, ಇಟ್ಟಿಗೆ ಬಣ್ಣದ ಹಲ್ಲಿಯನ್ನು ಅದರೊಳಗೆ ಬಿಟ್ಟು, ಮೇಲೆ ಹಿಟ್ಟಿನ ಜರಡಿ ಮುಚ್ಚಿದೆವು. ಅದು ನೆರಳಲ್ಲಿ ಹಾಯಾಗಿ ರಾಹುಕಾಲ ಕಳೆಯಿತು.

ಚುರುಮುರಿಯ ಗಿರ್ಮಿಟ್ಟು, ಜೊತೆಗೆ ಮಿರ್ಚಿ ಬಜ್ಜಿ ಮಾಡಿ ಕೊಟ್ಟೆ. ಮಿರ್ಚಿ ಕಚ್ಚುತ್ತ ಅವರು ತಮ್ಮ ತಾಯಿಯ ಬಗ್ಗೆ ಅತ್ತೆಯ ಹತ್ತಿರ ಮಾತಾಡಿದರು. ಅತ್ತೆ ಸೊಂಟಕ್ಕೆ ಯಾವ ಎಣ್ಣೆ ತಿಕ್ಕಬಾರದು ಎಂಬುದನ್ನೂ ಸೇರಿಸಿ ಎಲ್ಲ ಹೇಳಿದರು. ನಡುವೆ ಬಂದವರ ಕಣ್ಣು ಪಪ್ಪಾಯಿಯ ಬಟ್ಟಲಿನ ಮೇಲೆ ಬಿತ್ತು.

"ಹೆಂಗ್ ತಿನ್ನಿಸ್ತಿದ್ರಿ ಅಕ್ಕಾ?"

"ಚಮಚ ಮುಂದೆ ಹಿಡೀತಿದ್ದೆ."

"ಅದಕ್ಕೀಗ ಬಾಯ್ ತಗ್ಯೋ ಮನಸ್ಸಿಲ್ಲ. ಮೂಗಿನ ತುದಿಗೆ ಅಚ್ಚಿ. ಮೂಗ್ ಒರೆಸ್ಕಳಾಕಾದ್ರೂ ನೆಕ್ಕತದೆ."

ನಾನು ಬೆರಳ ತುದಿಗೆ ಪಪ್ಪಾಯಿ ತೆಗೆದುಕೊಂಡು ಅತ್ತೆಯ ಕಡೆ ತಿರುಗಿದೆ. "ರಾಹುಕಾಲ ಐತ್ರಿ ಅತ್ತಿ. ಹಚ್ಚಬಹುದನ್ರಿ?"

"ಹಸದ ಹೊಟ್ಟಿಗೆ ಎಲ್ಲೀ ರಾಹುಕಾಲ? ಹಚ್ಚು ಸುಮ್ಮನ."

ಹಚ್ಚಿದೆ. ಹಲ್ಲಿ ಕದಲಲಿಲ್ಲ. ನಾವು ನಾಲ್ವರೂ ಬಗ್ಗಿ ನೋಡುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಗುಲಾಬಿ ನಾಲಿಗೆ ಹೊರಬಂತು. ಮೊದಲು ತನ್ನ ಕಣ್ಣನ್ನೇ ಒರೆಸಿಕೊಂಡಿತು. ಆಮೇಲೆ ಮೂಗನ್ನು. ಆಮೇಲೆ, ಕೇಳದೆಯೇ, ನನ್ನ ಬೆರಳನ್ನು.

ಆರು ದಾಟಿದ ಮೇಲೆ ಅವರು ಬಕೆಟ್ಟಿನ ಹಲ್ಲಿಯನ್ನು ಡಬ್ಬಿಗೆ ಹಾಕಿಕೊಂಡು ಹೊರಟರು. ತಾವೇ ಕಲಸಿದ ಹಣ್ಣಿನ ಪುಡಿಯ ಪೊಟ್ಟಣ ಬಿಟ್ಟುಹೋದರು. ಅತ್ತೆ ಅವರ ತಾಯಿಗೆಂದು ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿದರು. ಮೆಟ್ಟಿಲಿಳಿಯುತ್ತ, "ಪೊರೆ ಬಿಡೋ ಟೈಮ್ನಲ್ಲಿ ಫೋನ್ ಮಾಡಿ ಅಕ್ಕಾ" ಎಂದರು. ನಾನು ಕೂಡಿಸಿಟ್ಟಿದ್ದ ಜಗಳ ಏನಾಯಿತೋ, ಚಟ್ನಿಪುಡಿಯ ಪೊಟ್ಟಣದಲ್ಲೇ ಹೋಯಿತೋ ಏನೋ.

ರಾತ್ರಿ ಊಟಕ್ಕೆ ಉಳಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅತ್ತೆಗೆ ಮಾತ್ರ ಮೆತ್ತಗಿನ ಅನ್ನ ಮಜ್ಜಿಗೆ. ಹಲ್ಲಿಗೆ ಬೆರಳ ತುದಿಯಷ್ಟು ಪಪ್ಪಾಯಿ, ಎರಡು ಸಲ. ನಾನು ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದಾಗ ಹಲ್ಲಿ ಗಾಜಿನ ಗೋಡೆಯ ಮೇಲೆ ಒಂದು ಗೇಣು ಹತ್ತಿ ನಿಂತು ಅತ್ತಿತ್ತ ನೋಡುತ್ತಿತ್ತು. ಅತ್ತೆ ಇನ್ನೂ ಜಪದಲ್ಲಿದ್ದರು. ಪೆಟ್ಟಿಗೆಯ ಪಕ್ಕ ಕುರ್ಚಿಯಲ್ಲಿ, ಸ್ಪ್ರೇ ಬಾಟಲಿ ಮಡಿಲಲ್ಲಿಟ್ಟುಕೊಂಡು, ಕತ್ತು ವಾಲಿಸಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ನಮ್ಮ ಯಜಮಾನರು.