ಟೀಚರಿಗೆ ಮಾತು ಹೋದ ಮೇಲೆ

ಮೊನ್ನೆ ಮಣಿಪಾಲದ ಒಂದು ಹೋಟೆಲಿಗೆ ಮದುವೆ ರಿಸೆಪ್ಶನ್ನಿನ ನಿರೂಪಣೆಗೆ ಹೋಗಿದ್ದೆ. ಮೈಕ್ ಸಿಕ್ಕಿದರೆ ಮದುಮಗನ ಮಾವನನ್ನೂ ಬಿಡದೆ ಅಣಕಿಸುವುದು ನನ್ನ ಹೊಟ್ಟೆಪಾಡು. ಮೂಲೆಯಲ್ಲಿದ್ದ ಹಳೆಯ ಪಿಯಾನೋದ ಮುಚ್ಚಳವನ್ನು ಯಾರೋ ಎತ್ತಿದರು. ಬೆಚ್ಚಗಿನ ಮರ, ಧೂಳು, ನುಸಿಗುಳಿಗೆ… ಆ ವಾಸನೆಗೆ ನನ್ನ ಬಾಯಿ ಕಟ್ಟಿತು. ಹಾಗಾಗುವುದು ಅಪರೂಪ; ಬೇಕಾದರೆ ನಮ್ಮ ಮನೆಯವರನ್ನು ಕೇಳಿ.

ಕಟಪಾಡಿಯ ನನ್ನ ಟೀಚರ ಪಿಯಾನೋಕ್ಕೂ ಇದೇ ವಾಸನೆ ಇತ್ತು. ಕಡಲ ಕಡೆಯ ತೇವಕ್ಕೆ ಮರ ಉಬ್ಬಿ ಕೀಗಳು ಅಂಟದಿರಲಿ ಎಂದು ಅವರು ಅದರ ಹೊಟ್ಟೆಯೊಳಗೆ ಸಣ್ಣ ಬಲ್ಬೊಂದನ್ನು ಉರಿಸಿಡುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಶನಿವಾರ ನಮ್ಮಂಥವರ ಕಿವಿ ಹಿಂಡುವುದು ಅವರ ಕೆಲಸ. ಕಾಪುವಿನಿಂದ ಅಮ್ಮ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದ ಮೊದಲ ದಿನ, ಅವಳು ಜಗಲಿಯಲ್ಲೇ ಕುಳಿತದ್ದನ್ನು ನೋಡಿ ಟೀಚರ್ ಬಾಗಿಲಿಗೆ ಬಂದರು.

“ಹೊರಗೆ ಕೂತು ಎಂತ ಮಾಡ್ತೀರಿ? ಒಳಗೆ ಬನ್ನಿ. ಮನೆಯಲ್ಲಿ ಇವನನ್ನು ಹಿಡಿದು ಕೂರಿಸುವುದು ಯಾರು, ನಾನಾ?”

“ನನಗೆ ಇದೆಲ್ಲ ಎಂತ ಗೊತ್ತುಂಟು ಟೀಚರ್?”

“ಒಂದು, ಎರಡು, ಮೂರು ಗೊತ್ತುಂಟಲ್ಲ? ಸಾಕು.”

ಅಂದಿನಿಂದ ಮನೆಯಲ್ಲಿ ನಾನು ಕೀಬೋರ್ಡಿನ ಮುಂದೆ, ಅಮ್ಮ ಮಲ್ಲಿಗೆ ಬುಟ್ಟಿಯ ಮುಂದೆ. ಹೂ ಕಟ್ಟುತ್ತಲೇ ತುಳುವಿನಲ್ಲಿ ‘ಒಂಜಿ, ರಡ್ಡ್, ಮೂಜಿ’ ಎಂದು ಎಣಿಸುತ್ತಿದ್ದಳು. ಪ್ರತಿ ಎಣಿಕೆಗೊಂದು ಗಂಟು. ನಾನು ತಡವರಿಸಿದರೆ ಅವಳ ಕೈಯೂ ನಿಲ್ಲುತ್ತಿತ್ತು. “ಇವನು ಕಲಿಯುವಷ್ಟರಲ್ಲಿ ಹೂ ಬಾಡ್ತದೆ,” ಎಂದು ಅಪ್ಪ ಗೊಣಗುತ್ತಿದ್ದರು.

ಸ್ವರಲಿಪಿ ನನ್ನ ತಲೆಗೆ ಹತ್ತಲಿಲ್ಲ. ಟೀಚರ ಬೈಗುಳ ಮಾತ್ರ ಒಂದೇ ಸಲಕ್ಕೆ ಬಾಯಿಪಾಠ. ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ, “ಇಲ್ಲಿ ಸ್ಟಾಪ್ ಉಂಟು ಮಾರಾಯ! ನೀನೆಂತ ಎಕ್ಸ್‌ಪ್ರೆಸ್ ಬಸ್ಸಾ?” ಬೆರಳು ಚಪ್ಪಟೆಯಾದರೆ, “ಇದು ಬೆರಳಾ, ಒಣಗಿದ ಬಂಗುಡೆ ಮೀನಾ?” ಮರಳುವ ಬಸ್ಸಿನಲ್ಲಿ ನಾನು ಇದನ್ನೆಲ್ಲ ಅವರದೇ ಧ್ವನಿಯಲ್ಲಿ ಹೇಳಿದರೆ ಅಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆಮೇಲೆ ತೊಡೆಗೆ ಚಿವುಟುತ್ತಿದ್ದಳು.

ಒಂದು ಮಳೆಗಾಲ ಟೀಚರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದ ಮಕ್ಕಳೆಲ್ಲ ಪಾಠ ಬಿಟ್ಟರು. ನಾನೂ ಬಿಡುವ ಅಂದಾಜಿನಲ್ಲಿದ್ದೆ. ಅಮ್ಮ ಒಪ್ಪಲಿಲ್ಲ. “ಟೀಚರಿಗೆ ಮಾತು ಹೋದದ್ದು, ಕಿವಿ ಹೋಗಲಿಲ್ಲ. ಹೊರಡು.”

ಆ ಶನಿವಾರ ನುಡಿಸುವಾಗ ನಾನು ತಪ್ಪಿದೆ, ಟೀಚರ್ ಬಾಯಿ ತೆರೆದರು. ಶಬ್ದ ಬರಲಿಲ್ಲ. ಎಡಗೈಯಿಂದ ಪಿಯಾನೋದ ಮರಕ್ಕೆ ಬಡಿದರು, ಮತ್ತೆ ಬಡಿದರು… ಏನು ಮಾಡಬೇಕೆಂದು ತೋಚದೆ ನಾನೇ ಅವರ ಧ್ವನಿಯಲ್ಲಿ, “ಇಲ್ಲಿ ಸ್ಟಾಪ್ ಉಂಟು ಮಾರಾಯ!” ಎಂದೆ. ಅಮ್ಮನ ಮುಖ ಬಿಳಿಚಿತು. ಟೀಚರ್ ಮಾತ್ರ ತಲೆಯಾಡಿಸಿದರು, ಮುಂದುವರಿಸು ಎಂಬಂತೆ. ಹೀಗೆ ಪಾಠ ಮತ್ತೆ ನಡೆಯಿತು: ಅವರು ಬಡಿಯುವುದು, ನನ್ನನ್ನು ನಾನೇ ಅವರ ಬಾಯಿಯಿಂದ ಬೈದುಕೊಳ್ಳುವುದು. ಶನಿವಾರಗಳಲ್ಲಿ ಅವರು ಇಸ್ತ್ರಿಯ ಸೀರೆ ಉಟ್ಟು ಕಾಯುತ್ತಿದ್ದರು. ಟೀಚರಾಗಿ ಉಳಿಯಲು ಅವರಿಗೆ ಇದ್ದದ್ದು ಅದೊಂದೇ ತಾಸು.

ಒಂದು ಶನಿವಾರ ಇಡೀ ಪಾಠವನ್ನು ಎಲ್ಲೂ ಎಡವದೆ ನುಡಿಸಿದೆ. ಟೀಚರ್ ನನ್ನ ಮಣಿಕಟ್ಟು ಹಿಡಿದರು. ಏನೋ ಹೇಳಲು ಹೊರಟರು; ತುಟಿ ಒಂದು ಬದಿಗೆ ಎಳೆಯಿತು. ಸ್ಟಾಪ್ ಅಂದೆ. ಅಲ್ಲ. ಬಂಗುಡೆ ಅಂದೆ. ಅಲ್ಲ. ನನ್ನಲ್ಲಿದ್ದ ಬೈಗುಳವನ್ನೆಲ್ಲ ಸುರಿದೆ. ಅವರು ಪ್ರತಿ ಸಲವೂ ಅಲ್ಲವೆಂದು ತಲೆಯಲ್ಲಾಡಿಸಿದರು. ಕೊನೆಗೆ ಅವರ ಕಣ್ಣಿಂದ ನೀರಿಳಿಯಿತು. ಎಡಗೈಯಿಂದ ಮುಚ್ಚಳ ಹಾಕಿದರು.

ಮುಂದಿನ ಶನಿವಾರ ಗೇಟಿಗೆ ಬೀಗ ಇತ್ತು. ಎರಡನೆಯ ಸ್ಟ್ರೋಕಿನಿಂದ ಅವರು ಏಳಲಿಲ್ಲ.

ಎಷ್ಟೋ ದಿನಗಳ ಮೇಲೆ ಅಮ್ಮ ಹೂ ಕಟ್ಟುತ್ತಾ ಹೇಳಿದಳು: “ಲಾಯ್ಕ ಆಯ್ತು ಅಂತ ಹೇಳ್ಲಿಕ್ಕಿತ್ತೋ ಏನೋ ಪಾಪ…” ಇರಬಹುದು. ಅವರು ಹೊಗಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ಹೋಟೆಲಿನಲ್ಲಿ ಎಲ್ಲರೂ ಊಟಕ್ಕೆ ಹೋದ ಮೇಲೆ, ಮೈಕ್ ಆಫ್ ಮಾಡಿ, ಟೀಚರ ಧ್ವನಿಯಲ್ಲಿ ‘ಲಾಯ್ಕ ಆಯ್ತು’ ಎಂದು ಹೇಳಿ ನೋಡಿದೆ. ಬಂದದ್ದು ನನ್ನದೇ ಧ್ವನಿ.