ಅತ್ತಿಗೆ ತೊಳೆಯದೆ ಬಿಟ್ಟ ಕಲ್ಲು

ನಮ್ಮ ಅತ್ತಿಗೆಗೆ ಕೊಳೆ ಕಂಡರೆ ಆಗದು. ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಕೆಲಸ: ಅಗೆದು ತಂದ ಆದಿಮಾನವರ ಕಲ್ಲಿನ ಉಪಕರಣಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುವುದು. ಪಕ್ಕದ ಮೇಜಿನಲ್ಲಿ ಕೂತು ಅವಕ್ಕೆ ನಂಬರು ಬರೆಯುವವಳು ನಾನು, ಅವರ ನಾದಿನಿ. ಮನೆಯಲ್ಲೂ ಅವರೇ, ಕಚೇರಿಯಲ್ಲೂ ಅವರೇ, ನನ್ನ ಹಣೆಬರಹ!

ಅಂಥವರು ಒಂದು ದಿನ ಅಂಗೈಯಗಲದ ಕಲ್ಲೊಂದನ್ನು ನೀರಿಗೆ ಹಾಕದೆ ಹಿಡಿದುಕೊಂಡೇ ಕೂತರು. ಅದರ ಅಂಚಿಗೆ ಕಂದು ಬಣ್ಣದ ಹಕ್ಕಳೆ ಅಂಟಿತ್ತು.

"ಇದು ಮಣ್ಣಲ್ಲ ಕಣೇ. ಪಾತ್ರೆ ತಳ ಹಿಡಿದ್ರೆ ಹೀಗೇ ಇರುತ್ತೆ" ಎಂದವರೇ ಹೊಸದಾಗಿ ಬಂದಿದ್ದ ವಿಜ್ಞಾನಿ ಮೇಡಂ ಹತ್ತಿರ ಓಡಿದರು.

ಮೇಡಂ ಹಕ್ಕಳೆಯ ಚೂರನ್ನು ನೆನೆಸಿ, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಪಿಷ್ಟದ ಕಣಗಳು! ಸಾವಿರಾರು ವರ್ಷದ ಹಿಂದೆ ಈ ಕಲ್ಲಲ್ಲಿ ಏನು ಕೊಯ್ದಿದ್ರು ಅಂತ ಇದರಿಂದ ಗೊತ್ತಾಗುತ್ತೆ!" ಪಿಷ್ಟ ಎಂದರೆ ಸಸ್ಯ, ಮಾಂಸವಲ್ಲ! ಇಂಥ ಕಲ್ಲುಗಳೆಲ್ಲ ಮಾಂಸ ಕೊಯ್ಯಲು ಎಂದೇ ನಾವು ನಂಬಿದ್ದೆವು.

ಅತ್ತಿಗೆಯ ಮುಖ ಮಾತ್ರ ಬಾಡಿತು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿಬಿಟ್ಟರು: "ಮೇಡಂ, ನಾನು ಗ್ಲೌಸ್ ಹಾಕಿರಲಿಲ್ಲ. ಬೆಳಿಗ್ಗೆ ಹಿಟ್ಟು ಕಲಸಿ ಬಂದಿದ್ದೆ. ಕೈ ತೊಳೆದಿದ್ದೆ, ಆದ್ರೂ ಉಗುರಿನ ಸಂದೀಲಿ ಉಳಿದಿತ್ತೋ ಏನೋ."

"ಇದು ನಿಮ್ಮನೆ ಹಿಟ್ಟೇ ಆಗಿದ್ರೆ ಈ ಕಲ್ಲು ಲೆಕ್ಕಕ್ಕಿಲ್ಲ. ಇನ್ಮೇಲೆ ನೀವು ಕಲ್ಲಿನ ಪೆಟ್ಟಿಗೆ ಮುಟ್ಟೋ ಹಾಗೂ ಇಲ್ಲ" ಎಂದರು ಮೇಡಂ. "ಹಿಟ್ಟು ತರ್ಸಿ, ನೋಡೋಣ."

ಇಪ್ಪತ್ತೆರಡು ವರ್ಷದ ಕೆಲಸ! ನಾನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ ಹಿಟ್ಟಿನ ಡಬ್ಬಿಯನ್ನೇ ಹೊತ್ತು ತಂದೆ. ಅಣ್ಣ "ಏನಾಯ್ತೇ?" ಅಂದರೆ ಉತ್ತರ ಕೊಡುವ ಪುರುಸೊತ್ತೂ ಇರಲಿಲ್ಲ.

ಮೊದಲು ಹಿಟ್ಟು ನೋಡಿದೆವು. ಪುಟ್ಟ ದುಂಡನೆಯ ಕಣಗಳು, ಒಂದೊಂದರ ನಡುವೆಯೂ ಕೂಡುವ ಲೆಕ್ಕದ ಚಿಹ್ನೆಯಂಥ ಕಪ್ಪನೆಯ ಗುರುತು. ಆಮೇಲೆ ಕಲ್ಲಿನದು. ಇವು ಎರಡು ಪಟ್ಟು ದೊಡ್ಡವು, ಮೊಟ್ಟೆಯಾಕಾರ, ಗುರುತು ಒಂದು ತುದಿಗೆ ಸರಿದಿದೆ! ಮೇಡಂ ಕಲ್ಲಿನ ಬೆನ್ನು, ಮಗ್ಗುಲು ಎಲ್ಲ ಜಾಲಾಡಿದರು. ಕೈಯಿಂದ ಹತ್ತಿದ್ದಾದರೆ ಅಲ್ಲೂ ಇರಬೇಕಿತ್ತು. ಒಂದೂ ಸಿಗಲಿಲ್ಲ.

"ಗೆಡ್ಡೆ ಕಣ್ರೀ, ಗೆಡ್ಡೆ!" ಮೇಡಂ ಕೂಗಿಯೇಬಿಟ್ಟರು. "ಈ ಅಂಚಿಂದ ಗೆಡ್ಡೆ ಹೆರೆದಿದಾರೆ! ನಿಮ್ಮ ಹಿಟ್ಟಲ್ಲ!"

ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ನನಗೋ, ಕುಣಿಯುವುದೊಂದು ಬಾಕಿ.

"ಯಾರೋ ಹೆಂಗಸು ಸಿಪ್ಪೆ ತೆಗೀತಾ ಕೂತಿದ್ಳೇನೋ" ಎಂದರು ಅತ್ತಿಗೆ, ಮೂಗು ಒರೆಸಿಕೊಳ್ಳುತ್ತ.

"ಗಂಡಸೂ ಇರಬಹುದಲ್ಲ ಅತ್ತಿಗೆ?"

"ನಿಮ್ಮಣ್ಣನ್ನ ನೋಡಿದ್ಮೇಲೂ ಹಾಗಂತೀಯಾ?"

ಮಾರನೆಯ ದಿನ ಹೊಸ ಪೆಟ್ಟಿಗೆ ಬಂತು. ಮೇಡಂ ಅದನ್ನು ತಾವೇ ತಂದು ಅತ್ತಿಗೆಯ ಮುಂದಿಟ್ಟರು. "ಯಾವುದನ್ನ ತೊಳೀಬೇಕು, ಯಾವುದನ್ನ ಬಿಡಬೇಕು, ನೀವೇ ನೋಡಿ ಹೇಳಿ."

ಅತ್ತಿಗೆ ಮುಚ್ಚಳ ತೆಗೆಯಲಿಲ್ಲ. ಎದ್ದು ಹೋಗಿ, ಉಗುರಿನ ಸಂದಿಗೆಲ್ಲ ಬ್ರಷ್ಷು ಹಾಕಿ, ತಮ್ಮ ಕೈಯನ್ನು ಗಸಗಸ ಉಜ್ಜತೊಡಗಿದರು.